ಎಡಗೈಗೆ ಬಂದ ಹೂವು

ಪರದೆ ಸರಿಯಿತು. ಸಭಾಂಗಣದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ವೇದಿಕೆಯ ಮೇಲೆ ಬಾಗಿಲಿನಷ್ಟು ಎತ್ತರಕ್ಕೆ ಹಿಗ್ಗಿಸಿ ನಿಲ್ಲಿಸಿದ್ದ ಅಂಚೆಚೀಟಿ. ಕಿಟಕಿಯ ಪಕ್ಕ ಕೂತ ಒಬ್ಬ ಹುಡುಗಿ, ಅವಳ ಕೈಯಲ್ಲಿ ಒಂದೇ ಒಂದು ಹೂವು. ಐನೂರು ವರ್ಷಗಳ ಹಿಂದೆ, ಯುರೋಪಿನ ಪುನರುಜ್ಜೀವನದ ಕಾಲದಲ್ಲಿ ಬದುಕಿದ್ದ ಚಿತ್ರಕಾರನೊಬ್ಬನ ಗೌರವಕ್ಕೆಂದು ಹೊರತಂದ ಚೀಟಿ ಅದು. ಆ ಹುಡುಗಿ ಅವನು ಬರೆದ ಚಿತ್ರಗಳಲ್ಲೆಲ್ಲ ಹೆಸರಾದವಳು.

ಹಿಂದೆ ಗೋಡೆಗೊರಗಿ ನಿಂತವಳೊಬ್ಬಳು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದಳು. ಅಂಚೆಚೀಟಿಗಳ ಅಚ್ಚುಕೂಟದಲ್ಲಿ ಪ್ರೂಫ್ ನೋಡುವುದು ಅವಳ ಕೆಲಸ. ಕೂದಲೆಳೆಯಷ್ಟು ಗೆರೆ ಅತ್ತಿತ್ತ ಸರಿದಿದ್ದರೂ ಹಿಡಿಯುತ್ತಿದ್ದಳಾದ್ದರಿಂದ ಎಲ್ಲರೂ ಅವಳನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಆದರೆ ಈ ಹೊತ್ತು ಅವಳ ಕಣ್ಣು ಚೀಟಿಯ ಮೇಲಿರಲಿಲ್ಲ. ವೇದಿಕೆಯ ಪಕ್ಕ, ಹೊಸ ಶರ್ಟಿನ ಕಾಲರನ್ನು ಮತ್ತೆ ಮತ್ತೆ ಬೆರಳಿಟ್ಟು ಸಡಿಲಿಸಿಕೊಳ್ಳುತ್ತ, ಸಭೆಗೆ ಬೆನ್ನು ಮಾಡಿ ನಿಂತಿದ್ದ ಕೆತ್ತನೆಗಾರನ ಮೇಲಿತ್ತು. ಆ ಹುಡುಗಿಯನ್ನು ಉಕ್ಕಿನ ತಟ್ಟೆಯ ಮೇಲೆ ಗೆರೆಗೆರೆಯಾಗಿ ಕೊರೆದವನು ಅವನು.

"ಸಾಕು ಬಿಡೇ, ಕೈ ಕಿತ್ತು ಬರುತ್ತೆ," ಎಂದು ಪಕ್ಕದಲ್ಲಿದ್ದ ಬಣ್ಣದಕ್ಕ ತಿವಿದಳು. ಅಚ್ಚುಕೂಟದಲ್ಲಿ ಶಾಯಿ ಬೆರೆಸುವವಳು ಅವಳು. ಉಗುರಿನ ಸಂದಿಯಲ್ಲಿ ಸದಾ ಯಾವುದೋ ಒಂದು ಬಣ್ಣ.

"ನಾನು ಚೀಟಿಗೆ ತಟ್ಟಿದ್ದು ಅಕ್ಕಾ."

"ಹೌದೌದು. ಚೀಟಿಗೆ ಹೊಸ ಶರ್ಟು ಚೆನ್ನಾಗಿ ಒಪ್ಪುತ್ತೆ."

ಅವಳು ಕೆಂಪಾದಳು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಮೆಲ್ಲನೆಯ ದನಿ ಕೇಳಿಸಿತು. ಶಾಲೆಯಲ್ಲಿ ಬಹುಕಾಲ ಚಿತ್ರಕಲೆ ಕಲಿಸಿ ನಿವೃತ್ತರಾದ ಒಬ್ಬ ಮುದುಕಿ, ತಾವೇ ಏನೋ ತಪ್ಪು ಮಾಡಿದವರಂತೆ ಕೈಯನ್ನು ಅರ್ಧ ಎತ್ತಿದ್ದರು.

"ಹೂವು ಬಲಗೈಯಲ್ಲಿ ಇರಬೇಕಿತ್ತಲ್ವಾ?"

ತಲೆಗಳೆಲ್ಲ ಅವರತ್ತ ತಿರುಗಿದವು.

"ನಾನೇ ಮರೆತಿರಬಹುದು ಬಿಡಿ, ವಯಸ್ಸಾಯ್ತು," ಎಂದು ಅವರು ಕೂಡಲೇ ಸೇರಿಸಿದರು. ಯಾರನ್ನೂ ನೋಯಿಸಬಾರದೆಂದು ಆಡಿದ ಆ ಮಾತು ಅಷ್ಟರಲ್ಲಾಗಲೇ ತಡವಾಗಿತ್ತು. ಯಾರೋ ಚಿತ್ರಕಾರನ ಆಲ್ಬಮ್ ತಂದು ಪುಟ ತೆರೆದರು. ಹೂವು ಬಲಗೈಯಲ್ಲಿತ್ತು. ಹುಡುಗಿ ನೋಡುತ್ತಿದ್ದ ದಿಕ್ಕೂ ಬೇರೆ. ಚೀಟಿಯ ಮೇಲಿನ ಇಡೀ ಚಿತ್ರ ಎಡಬಲ ಅದಲುಬದಲಾಗಿತ್ತು. ಕೆಳಗಿನ ಅಕ್ಷರಗಳನ್ನು ಬೇರೆಯವರು ಕೊರೆದಿದ್ದರಿಂದ ಅವು ಮಾತ್ರ ನೆಟ್ಟಗಿದ್ದವು.

ಇಲಾಖೆಯ ದೊಡ್ಡ ಅಧಿಕಾರಿ ಅಚ್ಚುಕೂಟ ನಡೆಸುವ ಮೇಷ್ಟ್ರ ಕಡೆ ತಿರುಗಿದರು. "ಏನ್ರೀ ಇದು?"

ಆಗ ಕೆತ್ತನೆಗಾರ ಒಂದು ಹೆಜ್ಜೆ ಮುಂದೆ ಬಂದ.

"ತಪ್ಪು ನನ್ನದು ಸಾರ್."

ಗೋಡೆಗೊರಗಿದ್ದವಳು ನೆಟ್ಟಗಾದಳು. ಆ ಚೀಟಿ ಹೇಗೆ ತಿರುಗಿತೆಂಬುದು ಆ ಕ್ಷಣದಲ್ಲಿ ಅವಳಿಗೆ ಹೊಳೆದುಹೋಯಿತು. ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ತನ್ನ ಚಪ್ಪಲಿಯ ಬಾರನ್ನು ನೋಡುತ್ತ ನಿಂತಳು, ಅಷ್ಟೇ.

*

ಅಚ್ಚು ಕೊರೆಯುವವರ ಕೆಲಸ ವಿಚಿತ್ರವಾದದ್ದು. ತಟ್ಟೆಯ ಮೇಲೆ ಬಲಕ್ಕಿದ್ದದ್ದು ಕಾಗದಕ್ಕೆ ಒತ್ತಿದಾಗ ಎಡಕ್ಕೆ ಬರುತ್ತದೆ. ಆದ್ದರಿಂದ ಅವರು ಚಿತ್ರವನ್ನು ತಿರುಗಿಸಿ ಕೊರೆಯಬೇಕು. ಅದಕ್ಕಾಗಿ ಮೇಜಿನ ಮೇಲೆ ಒಂದು ಕನ್ನಡಿ ನಿಲ್ಲಿಸಿ, ಅದಕ್ಕೆ ಮುಖ ಮಾಡಿ ಚಿತ್ರದ ಫೋಟೋ ಇಟ್ಟು, ಕನ್ನಡಿಯಲ್ಲಿ ಕಾಣುವುದನ್ನು ನೋಡಿ ನೋಡಿ ಕೊರೆಯುತ್ತಾರೆ.

ಅವನ ಮೇಜಿನ ಹಿಂದೆಯೇ ಅವಳ ಮೇಜು. ಅವನ ಬೆನ್ನು ಅವಳ ಕಡೆಗೆ, ಅವನ ಮುಖ ಕನ್ನಡಿಯಲ್ಲಿ.

ಹೀಗೆ ಶುರುವಾಯಿತು. ಒಂದು ದಿನ ಪ್ರೂಫಿನಿಂದ ತಲೆಯೆತ್ತಿದಾಗ ಕನ್ನಡಿಯೊಳಗೆ ಎರಡು ಕಣ್ಣು ಅವಳನ್ನು ನೋಡುತ್ತಿದ್ದವು. ಅವಳು ನೋಡಿದಳೆಂದು ಗೊತ್ತಾದ ಕೂಡಲೇ ಅವು ತಟ್ಟೆಗೆ ಇಳಿದವು. ಆಮೇಲೆ ಮತ್ತೆ ಮೇಲೆದ್ದವು. ಕೆನ್ನೆಯ ಮೇಲೊಂದು ಸಣ್ಣ ಮಚ್ಚೆ. ನಗು ಬಂದಾಗ ಅದು ಸ್ವಲ್ಪ ಮೇಲಕ್ಕೆ ಸರಿಯುತ್ತಿತ್ತು.

ಮಾತು ಬಹಳವಿರಲಿಲ್ಲ. "ಇಡೀ ದಿನ ಕೊರೀತಾನೆ, ಆದ್ರೆ ಯಾರ ತಲೇನೂ ಕೊರೆಯಲ್ಲ," ಎಂದು ಬಣ್ಣದಕ್ಕ ಅವನ ಬಗ್ಗೆ ಹೇಳುತ್ತಿದ್ದಳು. ಎದುರಿಗೆ ಬಂದರೆ ಇವಳಿಗೂ ತಲೆ ಮೇಲೇಳುತ್ತಿರಲಿಲ್ಲ. ಪಡಸಾಲೆಯಲ್ಲಿ ಎದುರಾದರೆ ನೆಲದ ಹಾಸುಗಲ್ಲು ನೋಡುತ್ತ ಸರಿದುಹೋಗುತ್ತಿದ್ದಳು. ಆದರೆ ಕನ್ನಡಿಯಲ್ಲಿ ಧೈರ್ಯವಿತ್ತು. ಕನ್ನಡಿಯಲ್ಲಿ ನೋಡಿದರೆ ನೋಡಿದ ಹಾಗೂ ಅಲ್ಲ, ನೋಡದ ಹಾಗೂ ಅಲ್ಲ.

ಅಲ್ಲಿಂದಲೇ ಅವಳು ಅವನ ಕುತ್ತಿಗೆಯನ್ನು ಗಮನಿಸಿದ್ದು. ಫೋಟೋದ ಬೆನ್ನು ಅವನ ಕಡೆಗಿರುತ್ತಿತ್ತಲ್ಲ, ಅದರ ಮೇಲಿಂದ ಇಣುಕಿ ಕನ್ನಡಿ ನೋಡಬೇಕು. ಸಂಜೆಯ ಹೊತ್ತಿಗೆ ಅವನ ಎಡಗೈ ತಾನಾಗಿ ಕುತ್ತಿಗೆಗೆ ಹೋಗುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಮುಖ ಒಂದಿಷ್ಟು ಕಿವುಚಿಕೊಂಡು ಮತ್ತೆ ಕೊರೆಯುತ್ತಿದ್ದ.

ಚಿತ್ರಕಾರನ ಚೀಟಿಯ ಕೆಲಸ ಬಂದಾಗ ಅವಳಿಗೊಂದು ಉಪಾಯ ಹೊಳೆಯಿತು. ಕ್ಯಾಮೆರಾ ಕೋಣೆಯವರಿಗೆ ಹೇಳಿ, ಕಿಟಕಿ ಹುಡುಗಿಯ ಫೋಟೋವನ್ನು ಉಲ್ಟಾ ಪ್ರತಿ ಮಾಡಿಸಿದಳು. ಮೊದಲೇ ತಿರುಗಿದ ಪ್ರತಿ ಎದುರಿಗಿದ್ದರೆ ಕನ್ನಡಿಯೇ ಬೇಡ, ನೆಟ್ಟಗೆ ಕೂತು ಕೊರೆಯಬಹುದು. ಶುಕ್ರವಾರ ಸಂಜೆ ಅವನು ಹೊರಟ ಮೇಲೆ, ಅವನಿನ್ನೂ ಸರಿಯಾಗಿ ನೋಡಿಯೂ ಇರದ ಫೋಟೋವನ್ನು ಚೌಕಟ್ಟಿನಲ್ಲಿ ಹಿಂದಕ್ಕೆ ಸರಿಸಿ ಈ ಪ್ರತಿಯನ್ನು ಮುಂದೆ ಕೂರಿಸಿದಳು. ಸೋಮವಾರ ಬೆಳಿಗ್ಗೆ, "ಇನ್ನು ಕನ್ನಡಿ ತೆಗೆದಿಡಿ," ಎಂದು ಹೇಳುವುದೆಂದುಕೊಂಡಳು. ಎರಡು ದಿನ ಮನೆಯಲ್ಲಿ ಆ ಒಂದು ವಾಕ್ಯವನ್ನೇ ಬಾಯಿಪಾಠ ಮಾಡಿದಳು.

ಸೋಮವಾರ ಅವಳು ಬರುವಷ್ಟರಲ್ಲಿ ಅವನು ಕೆಲಸಕ್ಕೆ ಕೂತಿದ್ದ. ಕನ್ನಡಿಯೊಳಗಿನಿಂದ ಅವಳನ್ನು ನೋಡಿ ನಕ್ಕ. ಮಚ್ಚೆ ಮೇಲಕ್ಕೆ ಸರಿಯಿತು.

ಕನ್ನಡಿ ಹೋದರೆ ಇದೂ ಹೋಗುತ್ತದಲ್ಲ ಎಂದು ಆಗ ಅವಳಿಗನ್ನಿಸಿತು. ನಾಳೆ ಹೇಳಿದರಾಯಿತು. ಇವತ್ತೊಂದು ದಿನ ಇರಲಿ.

ಆ ನಾಳೆ ಬರಲೇ ಇಲ್ಲ. ಅವನು ಹೇಗೂ ಪ್ರತಿಯನ್ನು ನೋಡಿಕೊಂಡಿರುತ್ತಾನೆ, ಕನ್ನಡಿಯನ್ನು ಸುಮ್ಮನೆ ಇಟ್ಟುಕೊಂಡಿದ್ದಾನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಾಗೆ ನಂಬುವುದು ಅವಳಿಗೆ ಹಿತವಾಗಿತ್ತು. ಅವನೋ ಯಾವತ್ತಿನಂತೆ ಕನ್ನಡಿ ನೋಡಿಯೇ ಕೊರೆದ. ತಿರುಗಿದ್ದು ಇನ್ನೊಮ್ಮೆ ತಿರುಗಿ ತಟ್ಟೆಯ ಮೇಲೆ ನೆಟ್ಟಗಾಯಿತು, ಕಾಗದದ ಮೇಲೆ ಉಲ್ಟಾ ಬಂತು.

ಪ್ರೂಫ್ ಬಂದ ದಿನ ಅವನು ಬಂದು ಅವಳ ಮೇಜಿನ ಪಕ್ಕ ನಿಂತ. ಉಸಿರು ಕೇಳಿಸುವಷ್ಟು ಹತ್ತಿರ. ಅವಳು ಭೂತಗನ್ನಡಿಯನ್ನು ಒತ್ತಿ ಹಿಡಿದು, ಚೌಕಟ್ಟಿನ ಫೋಟೋವನ್ನೂ ಪ್ರೂಫನ್ನೂ ಗೆರೆಗೆ ಗೆರೆ ಹೋಲಿಸಿದಳು. ಕಣ್ಣರೆಪ್ಪೆ, ಬೆರಳ ಗಿಣ್ಣು, ಹೂವಿನ ಎಸಳು. ಎಲ್ಲವೂ ಕರಾರುವಾಕ್ಕಾಗಿ ಕೂತಿತು. ಈ ಸಲ ಮಾತ್ರ ಅವೆರಡೂ ಒಂದೇ ರೀತಿ ಇರಬಾರದೆಂಬುದು ಅವಳಿಗೆ ನೆನಪಾಗಲಿಲ್ಲ. ಗಾಜಿನಡಿ ಹೆಬ್ಬೆರಳಗಲದ ಜಾಗ ಕಾಣುತ್ತದೆಯೇ ಹೊರತು ಇಡೀ ಹುಡುಗಿ ಕಾಣುವುದಿಲ್ಲ.

"ಏನಾದ್ರೂ ಸಿಕ್ತಾ?" ಎಂದ ಅವನು.

"ಸಿಗಲಿಲ್ಲ," ಎಂದಳು ತಲೆಯೆತ್ತದೆ. "ನಿಮ್ಮದರಲ್ಲಿ ಯಾವತ್ತೂ ಸಿಗಲ್ಲ."

*

ಸಮಾರಂಭ ಮುಗಿಸಿ ಮನೆಗೆ ಬಂದವಳು ಬಾಗಿಲಲ್ಲೇ ಕೂತುಬಿಟ್ಟಳು. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಬಂದು ಮುಖ ನೋಡಿದಳು.

"ಯಾರು ಏನಂದ್ರೇ?"

"ಯಾರೂ ಏನೂ ಅನ್ನಲಿಲ್ಲಮ್ಮ. ನಾನೇ ಏನೂ ಅನ್ನಲಿಲ್ಲ."

ತಡೆದು ತಡೆದು ಎಲ್ಲವನ್ನೂ ಹೇಳಿದಳು. ಕನ್ನಡಿಯ ವಿಷಯ ಮಾತ್ರ ನುಂಗಿಕೊಂಡಳು. ಅಮ್ಮ ಸೆರಗಿಗೆ ಚುಚ್ಚಿದ್ದ ಸೂಜಿ ತೆಗೆದು ದಾರದ ಉಂಡೆಗೆ ಸಿಕ್ಕಿಸಿದಳು. ಯೋಚಿಸುವಾಗ ಅವಳು ಮಾಡುವ ಕೆಲಸ ಅದು.

"ಅವನಿಗೇನಾಗುತ್ತೆ ಈಗ?"

"ನಾಳೆ ಮೇಷ್ಟ್ರು ಎಲ್ಲರನ್ನೂ ಕರೆದಿದ್ದಾರೆ. ಕೆತ್ತನೆ ಬೆಂಚಿನಿಂದ ತೆಗೀತಾರಂತೆ. ಒಂದು ಸಲ ತೆಗೆದ್ರೆ ಮತ್ತೆ ಯಾರೂ ಕೂರಿಸಲ್ಲಮ್ಮ. ಅವರಿಗೆ ಬೇರೆ ಕೆಲಸ ಬರಲ್ಲ, ಬೇಕಾಗೂ ಇಲ್ಲ."

"ನೀನು ಬಾಯಿ ಬಿಟ್ರೆ?"

"ಎಲ್ಲರೆದುರಿಗೆ ನನ್ನ ಮಾನ ಹೋಗುತ್ತೆ."

"ಬಾಯಿ ಬಿಡದೇ ಇದ್ರೆ?"

ಅಮ್ಮ ಒತ್ತಾಯಿಸಲಿಲ್ಲ. ಬಿಸಿ ಹಾಲು ತಂದು ಕೈಗಿಟ್ಟು, "ತಪ್ಪು ಹೊಲಿಗೆ ಹಾಕಿದ್ರೆ ನಾನು ಏನ್ ಮಾಡ್ತೀನಿ ಅಂತ ನಿಂಗೆ ಗೊತ್ತಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಎಲ್ಲರಿಗಿಂತ ಮೊದಲು ಅಚ್ಚುಕೂಟಕ್ಕೆ ಹೋದಳು. ಆ ಉಲ್ಟಾ ಪ್ರತಿಯನ್ನು ತೆಗೆದು ಮೇಷ್ಟ್ರ ಮುಂದಿಡುವುದೆಂದು ತೀರ್ಮಾನಿಸಿದ್ದಳು. ಮಾತು ಬರದಿದ್ದರೆ ಅದಾದರೂ ಹೇಳುತ್ತದೆ.

ಅವನ ಮೇಜಿನ ಮೇಲೆ ಉಳಿಗಳನ್ನೆಲ್ಲ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಹೊರಡುವವನಂತೆ ಜೋಡಿಸಿಟ್ಟಿದ್ದ. ಚೌಕಟ್ಟನ್ನು ಕೈಗೆತ್ತಿಕೊಂಡಳು. ಒಳಗೆ ಕಿಟಕಿ ಹುಡುಗಿ. ಹೂವು ಬಲಗೈಯಲ್ಲಿ.

ನಿನ್ನೆ ಸಂಜೆ ಅವನು ಇಲ್ಲಿಗೆ ಬಂದಿದ್ದಾನೆ. ಚೌಕಟ್ಟು ಬಿಚ್ಚಿದ್ದಾನೆ. ಎಲ್ಲ ಅರ್ಥಮಾಡಿಕೊಂಡಿದ್ದಾನೆ. ಮಾಡಿ, ಉಲ್ಟಾ ಪ್ರತಿಯನ್ನು ತೆಗೆದುಹಾಕಿ ಸರಿಯಾದದ್ದನ್ನು ಇಟ್ಟಿದ್ದಾನೆ. ಅವಳ ಹೆಸರು ಎಲ್ಲೂ ಬರದ ಹಾಗೆ.

ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ಬಂದದ್ದಕ್ಕೇ ಅವಳಿಗೆ ನಿನ್ನೆಗಿಂತ ಹೆಚ್ಚು ನಾಚಿಕೆಯಾಯಿತು. ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಚೌಕಟ್ಟನ್ನು ಮೆಲ್ಲನೆ ಕೆಳಗಿಟ್ಟಳು.

*

ಮೇಷ್ಟ್ರ ಕೋಣೆಯಲ್ಲಿ ಎಲ್ಲರೂ ನಿಂತಿದ್ದರು. ಬಣ್ಣದಕ್ಕ, ಅಕ್ಷರ ಕೊರೆಯುವವರು, ಕ್ಯಾಮೆರಾ ಕೋಣೆಯವರು. ಕೆತ್ತನೆಗಾರ ಮೇಜಿನ ಎದುರು ಕೈಕಟ್ಟಿ ನಿಂತಿದ್ದ. ಮೇಷ್ಟ್ರು ಅವನಿಗೆ ಕೆಲಸ ಕಲಿಸಿದವರು. ಅವನ ಮುಖ ನೋಡಲಾಗದೆ ಪೇಪರ್‌ವೆಯ್ಟ್ ತಿರುಗಿಸುತ್ತಿದ್ದರು.

"ಏನಪ್ಪಾ, ಹೇಳೋದೇನಾದ್ರೂ ಇದೆಯಾ?"

"ಇಲ್ಲ ಮೇಷ್ಟ್ರೇ. ಗಮನ ಕೊಡಲಿಲ್ಲ."

"ಗಮನ ಕೊಡಲಿಲ್ಲ ಅಂದ್ರೆ? ಹಕ್ಕಿಯ ಪುಕ್ಕ ಎಣಿಸಿ ಕೊರೆಯೋನು ನೀನು."

"ಮೇಷ್ಟ್ರೇ," ಎಂದಿತು ಬಾಗಿಲ ಬಳಿಯಿಂದ ಒಂದು ದನಿ. ಅದು ತನ್ನದೇ ಎಂದು ಅವಳಿಗೆ ತಡವಾಗಿ ತಿಳಿಯಿತು. "ತಪ್ಪು ಅವರದಲ್ಲ. ನನ್ನದು."

ಅವನು ತಿರುಗದೆಯೇ ಹೇಳಿದ. "ಅವರಿಗೇನೂ ಗೊತ್ತಿಲ್ಲ ಮೇಷ್ಟ್ರೇ. ಪಾಪ, ನನ್ನ ಉಳಿಸೋಕೆ ಹೇಳ್ತಿದ್ದಾರೆ."

"ಉಳಿಸ್ತಿರೋದು ನೀವು! ಆ ಪ್ರತಿ ಎಲ್ಲಿಟ್ರಿ?"

"ಯಾವ ಪ್ರತಿ?" ಎಂದ. ಅವನಿಗೆ ಸುಳ್ಳು ಹೇಳಲು ಬಾರದು. ಕಿವಿ ಕೆಂಪಗಾಯಿತು.

"ತಪ್ಪಿಗೆ ಇಷ್ಟು ಗಿರಾಕಿಗಳು ಇರೋದನ್ನ ನಾನು ನೋಡೇ ಇರಲಿಲ್ಲ," ಎಂದಳು ಬಣ್ಣದಕ್ಕ.

"ನೀನು ಸ್ವಲ್ಪ ಸುಮ್ಮನಿರಮ್ಮ," ಎಂದು ಮೇಷ್ಟ್ರು ಬಾಗಿಲ ಬಳಿ ನಿಂತವಳ ಕಡೆ ತಿರುಗಿದರು. "ನೀನು ಹೇಳು ಮಗು."

ಹೇಳಿದಳು. ಕ್ಯಾಮೆರಾ ಕೋಣೆಯವರು, "ಹೌದು ಮೇಷ್ಟ್ರೇ, ಉಲ್ಟಾ ಮಾಡಿಕೊಡಿ ಅಂದ್ರು, ಕೊಟ್ಟೆ. ಯಾಕೆ ಅಂತ ಕೇಳಲಿಲ್ಲ," ಎಂದು ಗೋಡೆಯ ಕಡೆ ಸರಿದರು. ಅವನ ಕುತ್ತಿಗೆ ನೋವಿನ ಮಾತು ಬಂದಾಗ ಅವಳ ದನಿ ತಗ್ಗಿತು. ಆದರೆ ನಿಲ್ಲಲಿಲ್ಲ.

"ಸೋಮವಾರ ಅವರಿಗೆ ಹೇಳಬೇಕು ಅಂತಲೇ ಬಂದೆ. ಹೇಳಲಿಲ್ಲ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕನ್ನಡಿ ತೆಗೆದುಬಿಡ್ತಿದ್ರು."

"ತೆಗೆದ್ರೆ ಒಳ್ಳೇದೇ ಆಯ್ತಲ್ಲ. ನಿಂಗೇನು ಕಷ್ಟ ಅದರಲ್ಲಿ?"

ಅವಳ ಕಣ್ಣು ಕೆತ್ತನೆಗಾರನ ಬೆನ್ನಿನತ್ತ ಹೋಯಿತು. ಕೋಣೆಯಲ್ಲಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಅರ್ಥವಾಯಿತು. ಅಕ್ಷರ ಕೊರೆಯುವವರು ಕೆಮ್ಮಿದರು. ಬಣ್ಣದಕ್ಕ ಜೀವನದಲ್ಲಿ ಮೊದಲ ಸಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಮೆಲ್ಲನೆ ಬಂದು ಅವಳ ಪಕ್ಕ ಭುಜಕ್ಕೆ ಭುಜ ತಾಗಿಸಿ ನಿಂತಳು. ಕಡೆಗೆ ಅರ್ಥವಾದದ್ದು ಮೇಷ್ಟ್ರಿಗೆ. ಅವರು ಕನ್ನಡಕ ತೆಗೆದು, ಅಲ್ಲಿ ಇಲ್ಲದ ಧೂಳನ್ನು ಬಹಳ ಹೊತ್ತು ಒರೆಸಿದರು.

ಅವಳ ಮುಖ ಉರಿಯುತ್ತಿತ್ತು. ಭೂಮಿ ಬಾಯಿಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದಳು. ಆದರೂ ನಿಂತ ಜಾಗದಿಂದ ಕದಲಲಿಲ್ಲ.

"ಭೂತಗನ್ನಡಿ ನೋಡಿದ ಮೇಲೆ ಇನ್ನೇನು ಅಂತ ನಾನೂ ನೋಡದೇ ಸಹಿ ಹಾಕಿದೆ," ಎಂದರು ಮೇಷ್ಟ್ರು ಕೊನೆಗೆ. "ಅದನ್ನ ನಾನು ಮೇಲಿನವರಿಗೆ ಬರೀತೀನಿ. ಚೀಟಿ ವಾಪಸ್ ತಗೊಂಡು ಹೊಸದು ತರ್ತಾರೆ. ಹುಡುಗಿಯನ್ನ ಇವನೇ ಮತ್ತೆ ಕೊರೀಲಿ. ನೀನು, ಮಗು, ಸದ್ಯಕ್ಕೆ ಪ್ರೂಫ್ ಮೇಜಿನಲ್ಲಿ ಕೂರೋ ಹಾಗಿಲ್ಲ. ತೂತು ಹೊಡೆಯೋ ಯಂತ್ರದ ಕೋಣೆಗೆ ಹೋಗು."

"ಆಗಲಿ ಮೇಷ್ಟ್ರೇ."

ಹೊರಗೆ ಹೋಗುವಾಗ ಅವನ ಪಕ್ಕದಿಂದಲೇ ಹೋಗಬೇಕಿತ್ತು. ಹಾಸುಗಲ್ಲು ನೋಡುತ್ತಲೇ ದಾಟಿದಳು.

*

ಚೀಟಿಗಳ ಅಂಚಿಗೆ ಸಾಲುಸಾಲಾಗಿ ತೂತು ಹೊಡೆಯುವ ಯಂತ್ರದಿಂದ ಸಾಸಿವೆಗಾತ್ರದ ಬಿಳಿ ಚುಕ್ಕೆಗಳು ಉದುರುತ್ತವೆ. ನೆಲ, ಕಿಟಕಿ, ಊಟದ ಡಬ್ಬಿ, ಎಲ್ಲೆಲ್ಲೂ ಅವೇ. ಅಲ್ಲಿಯ ಹೆಂಗಸರು ಅವಳನ್ನು ಏನೂ ಕೇಳಲಿಲ್ಲ. ಒಬ್ಬಳು ತನ್ನ ಗಾಳಿ ಬರುವ ಜಾಗವನ್ನೇ ಅವಳಿಗೆ ಬಿಟ್ಟುಕೊಟ್ಟಳು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಯಂತ್ರ ನಿಂತಿತ್ತು. ಅವಳು ನೆಲ ಗುಡಿಸುತ್ತಿದ್ದಾಗ ಬಾಗಿಲಲ್ಲಿ ಎರಡು ಪಾದ ಕಂಡವು. ಆ ಚಪ್ಪಲಿ ಅವಳಿಗೆ ಗೊತ್ತಿತ್ತು.

"ಹೊಸ ತಟ್ಟೆ ಶುರು ಮಾಡಿದೆ," ಎಂದ.

"ಹೂವು?"

"ಸರಿಯಾದ ಕೈಗೆ ಬಂದಿದೆ. ಈಗ ಕನ್ನಡಿಯಲ್ಲಿ ಖಾಲಿ ಕುರ್ಚಿ ಬಿಟ್ರೆ ಬೇರೇನೂ ಕಾಣಲ್ಲ. ಹಾಗಾಗಿ ಕೆಲಸ ಚೆನ್ನಾಗಿ ಸಾಗ್ತಿದೆ."

ಅವಳಿಗೆ ನಗು ಬಂತು, ಅಳುವೂ ಬಂತು. ಪೊರಕೆಯ ಹಿಡಿಯನ್ನೇ ನೋಡುತ್ತ, "ನಿಮ್ಮ ಮುಖ ನೋಡೋಕೆ ನಂಗೆ ನಾಚಿಕೆ ಆಗುತ್ತೆ," ಎಂದಳು. "ಉಲ್ಟಾ ಪ್ರತಿ ಇಟ್ಟಿದ್ದಕ್ಕಲ್ಲ. ಆ ದಿನ ಸಭೆಯಲ್ಲಿ ನೀವು ಒಬ್ಬರೇ ನಿಂತಿದ್ರಿ. ನಾನು ಚಪ್ಪಲಿ ನೋಡ್ತಾ ಇದ್ದೆ."

ಅವನು ಕೂಡಲೇ ಸಮಾಧಾನ ಹೇಳಲಿಲ್ಲ. ಅದು ಅವಳಿಗೆ ಹಿಡಿಸಿತು.

"ನನ್ನದೂ ಇದೆ," ಎಂದ ಆಮೇಲೆ. "ಆಲ್ಬಮ್ ತೆಗೆದು ಒಂದು ಸಲ ನೋಡಿದ್ರೆ ಸಾಕಿತ್ತು. ಪ್ರತಿ ಸಲ ಕೆಲಸ ಶುರು ಮಾಡೋ ಮುಂಚೆ ನೋಡ್ತೀನಿ. ಈ ಸಲ ಎದ್ದು ಹೋಗೋಕೆ ಮನಸ್ಸು ಬರಲಿಲ್ಲ. ಕನ್ನಡಿಯಲ್ಲಿ ನಾನು ನೋಡ್ತಿದ್ದದ್ದು ಕಿಟಕಿ ಹುಡುಗಿಯನ್ನಲ್ಲ. ಮೇಷ್ಟ್ರಿಗೆ ಗಮನ ಕೊಡಲಿಲ್ಲ ಅಂದೆನಲ್ಲ, ಅದು ನಿಜ."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಅದು ಜಾರಿ ಬಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

"ಆ ಸಂಜೆ ಚೌಕಟ್ಟು ಬಿಚ್ಚಿದಾಗ ನಿಮಗೆ ಕೋಪ ಬರಲಿಲ್ವಾ?"

"ಬರಬೇಕಿತ್ತು. ಆ ಪ್ರತಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ನನ್ನ ಕುತ್ತಿಗೆ ನೋವು ನಮ್ಮಮ್ಮನಿಗೂ ಗೊತ್ತಿಲ್ಲ. ನಾನು ಯಾರಿಗೂ ಹೇಳಿದವನಲ್ಲ. ಹಿಂದೆ ಕೂತು ಒಬ್ಬರು ಅದನ್ನ ನೋಡಿದ್ದಾರೆ, ನೋಡಿ ಸುಮ್ಮನಿರದೆ ಏನೋ ಮಾಡಿದ್ದಾರೆ. ಅಂಥವರಿಗೆ ಅದೇ ಕಾರಣಕ್ಕೆ ಶಿಕ್ಷೆ ಆಗೋದು ನಂಗೆ ಬೇಡವಾಗಿತ್ತು." ಅವನು ಶರ್ಟಿನ ಜೇಬು ಮುಟ್ಟಿ ನೋಡಿಕೊಂಡ. "ಪ್ರತಿ ನನ್ನ ಹತ್ತಿರವೇ ಇದೆ. ಕೊಡಲ್ಲ. ಇನ್ನು ಮುಂದೆ ಏನಾದ್ರೂ ಅನ್ನಿಸಿದ್ರೆ ನಂಗೇ ಹೇಳಿ. ಬೈಯೋದಾದ್ರೂ ಸರಿ. ದಿನಾ ಹೇಳಿ. ಮನೆಯಲ್ಲಿ ಕೂತು ಹೇಳೋ ಹಾಗೆ ಆದ್ರೆ ಇನ್ನೂ ಒಳ್ಳೇದು."

ಅವಳು ಕೈಗೆ ಅಂಟಿದ್ದ ಬಿಳಿ ಚುಕ್ಕೆಗಳನ್ನು ಒಂದೊಂದಾಗಿ ಬಿಡಿಸಿದಳು.

"ಅಮ್ಮನನ್ನ ಕೇಳಬೇಕು," ಎಂದಳು ಬಹಳ ಸಣ್ಣ ದನಿಯಲ್ಲಿ. ಆಮೇಲೆ, "ಅಮ್ಮ ಒಪ್ಪುತ್ತಾಳೆ," ಎಂದಳು.

"ಮಗಳು?"

"ಮಗಳು ಒಪ್ಪಿ ಬಹಳ ದಿನ ಆಯ್ತು."

"ಹಾಗಾದ್ರೆ ಒಂದೇ ಒಂದು ಸಲ ತಲೆ ಎತ್ತಿ."

ಎತ್ತಿದಳು. ಇಷ್ಟು ಹತ್ತಿರದಿಂದ, ನಡುವೆ ಗಾಜಿಲ್ಲದೆ, ಬೆಳಕಿಗೆ ಮುಖ ಮಾಡಿ ನಿಂತಿದ್ದ ಅವನನ್ನು ನೋಡಿದಳು. ನೋಡಿ, ಪ್ರೂಫ್ ನೋಡುವವಳ ಹಳೆಯ ಅಭ್ಯಾಸದಂತೆ ಹುಬ್ಬು ಗಂಟಿಕ್ಕಿದಳು.

"ಏನು ಸಿಕ್ತು?" ಎಂದ ಅವನು ಗಾಬರಿಯಿಂದ.

"ನಿಮ್ಮ ಮಚ್ಚೆ ಬಲಗೆನ್ನೆಯ ಮೇಲಿದೆ."

"ಹುಟ್ಟಿದಾಗಿಂದ ಅಲ್ಲೇ ಇದೆ."

"ನಾನು ಇಷ್ಟು ದಿನ ಎಡಗಡೆ ಅಂದ್ಕೊಂಡಿದ್ದೆ."

ಅವನು ಅವಳ ಹಣೆಯ ಮೇಲಿನಿಂದ ಕಣ್ಣು ಹಾಯಿಸಿದ. ಕೈ ಮುಂದೆ ಮಾಡಿ, ಕೂದಲಲ್ಲಿ ಸಿಕ್ಕಿದ್ದ ಒಂದು ಬಿಳಿ ಚುಕ್ಕೆಯನ್ನು ಬೆರಳ ತುದಿಯಿಂದ ತೆಗೆದ.

"ನಿಮ್ಮ ಬೈತಲೆಯೂ ನಾನು ಅಂದ್ಕೊಂಡ ಕಡೆ ಇಲ್ಲ," ಎಂದ. ನಗು ಬಂದು ಮಚ್ಚೆ ಮೇಲಕ್ಕೆ ಸರಿಯಿತು, ಈ ಸಲ ಅದರ ಸರಿಯಾದ ಜಾಗದಲ್ಲಿ.

ಊಟ ಮುಗಿದ ಗಂಟೆ ಹೊಡೆಯಿತು. ಪಡಸಾಲೆಯಲ್ಲಿ ಹೆಜ್ಜೆಗಳು, ಬಣ್ಣದಕ್ಕನ ಜೋರು ಮಾತು. ಯಾರಾದರೂ ಯಾವ ಕ್ಷಣದಲ್ಲಾದರೂ ಒಳಗೆ ಬರಬಹುದಿತ್ತು. ಅವಳು ತಲೆ ತಗ್ಗಿಸಲಿಲ್ಲ.